ಸಹಾಯ ಬೇಕು: ಲೂಯಿಯ ನಂತರ ಲೆಸ್ಟಾಟ್ ಓದಬಹುದಾ?

ಆನ್ ರೈಸ್ ಅವರ 'ಇಂಟರ್‌ವ್ಯೂ ವಿದ್ ದ ವ್ಯಾಂಪೈರ್' (1976) ಓದಿ ಮುಗಿಸಿದೆ. ಅದ್ರಲ್ಲಿ ಲೂಯಿ ಎಂಬ ವ್ಯಾಂಪೈರ್ (ರಕ್ತ ಹೀರಿ ಬದುಕುವ, ಮುಪ್ಪಿಲ್ಲದ ಜೀವಿ) ತನ್ನ ಕಥೆ ತಾನೇ ಹೇಳ್ತಾನೆ. ಎಷ್ಟು ವರ್ಷ ಕಳೆದರೂ ಮಗುವಿನ ಮೈಯಲ್ಲೇ ಉಳಿಯುವ ವ್ಯಾಂಪೈರ್ ಕ್ಲಾಡಿಯಾಳ ಸಿಟ್ಟು ಇನ್ನೂ ತಲೆಯಿಂದ ಹೋಗಿಲ್ಲ. ಲೂಯಿಯನ್ನು ವ್ಯಾಂಪೈರ್ ಮಾಡಿದ ಲೆಸ್ಟಾಟ್ ತನ್ನ ಕಥೆ ಹೇಳುವ ಎರಡನೇ ಪುಸ್ತಕ 'ದ ವ್ಯಾಂಪೈರ್ ಲೆಸ್ಟಾಟ್' (1985) ಈಗ್ಲೇ ಶುರು ಮಾಡ್ಬಹುದಾ?

ಮಣಿಪಾಲದ ಗೆಳತಿ ಬೇಡ ಅಂತಾಳೆ. ಲೂಯಿ ಹೇಳಿದ್ದನ್ನು ಲೆಸ್ಟಾಟ್ ಬಂದು ಅಲ್ಲಗಳೆದರೆ ಮೊದಲ ಪುಸ್ತಕದ ದುಃಖವೇ ಸಡಿಲ ಆಗ್ತದಂತೆ. ತಮ್ಮನಿಗೆ ಅದೇ ಇಷ್ಟ, ಒಂದೇ ಮನೆಯ ಜಗಳವನ್ನು ಇಬ್ಬರ ಬಾಯಲ್ಲೂ ಕೇಳ್ಬೇಕು ಅಂತಾನೆ. ನನಗೂ ಅದೇ ಸರಿ ಕಾಣ್ತದೆ. ಆದ್ರೆ 1988ರ ಮೂರನೇ ಪುಸ್ತಕ 'ದ ಕ್ವೀನ್ ಆಫ್ ದ ಡ್ಯಾಮ್ಡ್'ನಲ್ಲಿ ವ್ಯಾಂಪೈರ್ ರಾಣಿ ಅಕಾಶಾ ಎದ್ದು ಬರುವಾಗ ಲೂಯಿಯಂಥ ಆಪ್ತ ದನಿ ಉಳಿದಿದೆಯಾ? ಓದಿದವರು ದಯವಿಟ್ಟು ಹೇಳಿ, ಕೊನೆ ಮಾತ್ರ ಹೇಳ್ಬೇಡಿ.

ಮಂಗಳೂರಿನಲ್ಲಿ ಯಾರ ಹತ್ರಾದ್ರೂ ಎರಡನೇ ಪುಸ್ತಕ ಉಂಟಾ? ಹಂಪನಕಟ್ಟೆಗೆ ಬಂದು ತಕ್ಕೊಳ್ತೇನೆ, ಜಾಗ್ರತೆಯಿಂದ ವಾಪಸ್ ಕೊಡ್ತೇನೆ.