ಅಪ್‌ಡೇಟ್: ಅಣ್ಣನ ವಾಕಿಂಗ್ ಈ ಸಲ ನಿಂತಿಲ್ಲ

ರಾಯಚೂರಿನ ನಮ್ಮಣ್ಣನಿಗೆ ಮೈತೂಕ ಜಾಸ್ತಿ, ವಾಕಿಂಗ್ ಶುರು ಮಾಡಿದರೂ ವಾರದೊಳಗೆ ಬಿಡುತ್ತಾನೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಈಗ ಬಿಟ್ಟಿಲ್ಲ!

ಹೆಚ್ಚು ಉಪಯೋಗವಾಗಿದ್ದು ನೀವು ಹೇಳಿದ ಚಿಕ್ಕ ಗುರಿ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟನ್ನೂ ಮೊದಲ ದಿನವೇ ಮುಂದಿಟ್ಟರೆ ಯಾರಾದರೂ ಕೈಚೆಲ್ಲಿ ಕೂರುತ್ತಾರೆ. ಹಾಗಾಗಿ ಹಾಲು ತರಲು ಹೋದಾಗ ಹತ್ತು ನಿಮಿಷ, ಅಷ್ಟೇ. ದಿನಾ ಮಾಡುವ ಕೆಲಸಕ್ಕೆ ಜೋಡಿಸಿದ್ದರಿಂದ ನೆನಪು ಮಾಡುವ ಗೋಜಿಲ್ಲ. ಆಮೇಲೆ ನಿಧಾನವಾಗಿ ಮಾವಿನಕೆರೆ ಕಡೆಗೂ ಹೋಗತೊಡಗಿದ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು.

ಕ್ಯಾಲೆಂಡರಿನಲ್ಲಿ ನಿಮಿಷ ಬರೆಯುವುದು ಅತ್ತಿಗೆಯ ಐಡಿಯಾ. ತೂಕ ಬರೆಯುವುದಿಲ್ಲ. ಅದು ಇಳಿಯಲು ಹೊತ್ತು ಹಿಡಿಯುತ್ತದೆ, ಸುಮ್ನೆ ಮನಸ್ಸು ಕುಗ್ಗುತ್ತದೆ. ನಡೆದದ್ದು ಅವತ್ತೇ ಕಾಣುತ್ತದೆ, ಅಲ್ವಾ? ತೂಕ ಇಳಿಯದಿದ್ದರೂ ಬಿಪಿ, ಶುಗರ್‌ಗೆ ನಡಿಗೆ ಒಳ್ಳೆಯದೇ.

ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆಗ ಏನು ಮಾಡೋದು ಅಂತ ಮೊದಲೇ ಮಾತಾಡಿಕೊಂಡಿದ್ದೇವೆ: ಬೆಳಗಿನ ವಾಕಿಂಗ್ ತಪ್ಪಿದರೆ ಮನೆಯೊಳಗೇ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ.

ನಡೆದರೆ ಮಂಡಿನೋವಿನ ತೊಂದರೆ ಆಗಲ್ವಾ ಅಂತ ಕೇಳಿದವರಿಗೆ: ಅಣ್ಣ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿದ್ದು.