ಸಹಾಯ ಬೇಕು: ದೀರ್ಘಕಾಲದ ಕಾಯಿಲೆ ಇರುವ ಆಪ್ತಸಮಾಲೋಚಕರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಆಪ್ತಸಮಾಲೋಚಕಿ. ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಕಾಯಿಲೆ) ಇದೆ. ಬೆಳಿಗ್ಗೆ ಎದ್ದರೆ ಒಂದು ಗಂಟೆಗೂ ಜಾಸ್ತಿ ಹೊತ್ತು ಬೆರಳು ಮಡಚಲು ಆಗುವುದಿಲ್ಲ. ಭಾನುವಾರ ರಾತ್ರಿ, ವಾರಕ್ಕೊಮ್ಮೆ, ಅದಕ್ಕೆ ಮೆಥೊಟ್ರೆಕ್ಸೇಟ್ ಅನ್ನೋ ಔಷಧಿ. ಸೋಮವಾರ ಪೂರ್ತಿ ವಾಕರಿಕೆ, ಸುಸ್ತು.

ಹೋದ ವಾರ ಸೆಷನ್‌ಗೆ ಬಂದು ಎದುರಿಗೆ ಕೂತಿದ್ದವರೊಬ್ಬರು ನನ್ನ ಊದಿದ ಮಣಿಕಟ್ಟು ನೋಡಿ ಅಳು ನುಂಗಿಕೊಂಡರು. "ನಿಮಗೇ ನೋವಿದೆ ಅಲ್ವಾ ಮೇಡಂ" ಅಂದರು. ಆ ಗಂಟೆ ಅವರದ್ದು, ನನ್ನದಲ್ಲ. ಅದು ಇನ್ನೂ ಮನಸ್ಸು ಕೊರೆಯುತ್ತಿದೆ.

ನಿಮ್ಮ ಕಾಯಿಲೆ ಬಗ್ಗೆ ಬಂದವರಿಗೆ ಎಷ್ಟು ಹೇಳುತ್ತೀರಿ? ಆಗದ ದಿನ ಸೆಷನ್ ಮುಂದೂಡುವಾಗ ನಿಜವಾದ ಕಾರಣ ಕೊಡುತ್ತೀರಾ? ಮನೆಮದ್ದು ಬೇಡ, ಡಾಕ್ಟರ್ ನೋಡುತ್ತಿದ್ದಾರೆ. ನಿಮ್ಮ ಅನುಭವ ದಯವಿಟ್ಟು ಬರೆಯಿರಿ.