ವೈನಿನ ‘ಏಜಿಂಗ್’: ಪಳಗುವುದೋ, ಮಾಗುವುದೋ?

ಗೆಳೆಯರೆ, ನಮಸ್ಕಾರ.

ಸ್ಪೇನಿನ ಹಳೆಯ ಕೆಂಪು ವೈನೊಂದರ ರುಚಿಯ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ರಿಯೋಹಾ ಸೀಮೆಯ ಆರೊ ಊರಿನಲ್ಲಿ 1877ರಲ್ಲಿ ಶುರುವಾದ ಲೋಪೆಸ್ ದೆ ಎರೆದಿಯಾ ಮನೆತನದ ‘ವಿನ್ಯಾ ತೊಂದೋನಿಯಾ’ ಗ್ರಾನ್ ರೆಸೆರ್ವಾ ಅದು, 2001ರ ಬೆಳೆ. ಗ್ರಾನ್ ರೆಸೆರ್ವಾ ಎಂಬ ದರ್ಜೆ ಸಿಗಲು ವೈನನ್ನು ಒಟ್ಟು 5 ವರ್ಷ ಇಟ್ಟಿರಬೇಕು ಎನ್ನುತ್ತದೆ ರಿಯೋಹಾದ ಕಟ್ಟಳೆ. ಅದರಲ್ಲಿ ಕನಿಷ್ಠ 2 ವರ್ಷ ಪೀಪಾಯಿಯಲ್ಲಿ, 2 ವರ್ಷ ಬಾಟಲಿಯಲ್ಲಿ. ಇವರು ಪೀಪಾಯಿಯಲ್ಲೇ ಸುಮಾರು 10 ವರ್ಷ ಇಡುತ್ತಾರೆ. (ನಮ್ಮ ‘ಪೀಪಾಯಿ’ ಪೋರ್ಚುಗೀಸರ ‘ಪಿಪಾ’ದಿಂದ ಬಂದದ್ದು, ಹಾಗಾಗಿ ಆ ಪದಕ್ಕೆ ಹುಡುಕಾಟವೇ ಬೇಡವಾಯಿತು.)

ತೊಡಕಿರುವುದು ‘ಏಜಿಂಗ್’ಗೆ, ಅಂದರೆ ವೈನನ್ನು ಹೀಗೆ ವರ್ಷಗಟ್ಟಲೆ ಇಟ್ಟು ಹದಗೊಳಿಸುವುದಕ್ಕೆ, ಕನ್ನಡ ಪದ ಹುಡುಕುವುದರಲ್ಲಿ. ಪೀಪಾಯಿಯಲ್ಲಿ ನಡೆಯುವುದೇ ಬೇರೆ, ಬಾಟಲಿಯಲ್ಲಿ ನಡೆಯುವುದೇ ಬೇರೆ. 225 ಲೀಟರಿನ ಓಕ್ ಪೀಪಾಯಿಯೊಳಕ್ಕೆ ಗಾಳಿ ಇಷ್ಟಿಷ್ಟೇ ಇಳಿಯುತ್ತದೆ, ಕಡುಗೆಂಪು ಇಟ್ಟಿಗೆಗೆಂಪಾಗುತ್ತದೆ, ಒರಟು ಸವೆಯುತ್ತದೆ. ವರ್ಷಕ್ಕೆ ಎರಡು ಸಲ ಗಸಿ ಬಿಟ್ಟು ತಿಳಿಯನ್ನು ಇನ್ನೊಂದು ಪೀಪಾಯಿಗೆ ಬಸಿಯುತ್ತಾರೆ. ಬಾಟಲಿಗೆ ಬಿರಡೆ ಬಿದ್ದ ಮೇಲೆ ಗಾಳಿಯ ಓಡಾಟ ಹೆಚ್ಚುಕಡಿಮೆ ನಿಂತಂತೆಯೇ. ಒಳಗಿದ್ದದ್ದೇ ಒಂದರೊಡನೊಂದು ಬೆರೆತು ಹೊಸ ಪರಿಮಳ ಹುಟ್ಟಬೇಕು. ಎರಡಕ್ಕೂ ‘ಹಳತಾಯಿತು’ ಎಂದು ಬರೆದರೆ ಓದುಗರಿಗೆ ಏನೂ ತಲುಪುವುದಿಲ್ಲ.

ಪೀಪಾಯಿಯದಕ್ಕೆ ‘ಪಳಗು’, ಬಾಟಲಿಯದಕ್ಕೆ ‘ಮಾಗು’ ಎಂದಿಟ್ಟುಕೊಳ್ಳಬಹುದೇ? ದೋಸೆ ಕಾವಲಿ ಪಳಗುತ್ತದೆ, ಎತ್ತು ಪಳಗುತ್ತದೆ, ಕೈ ಪಳಗುತ್ತದೆ. ಎಲ್ಲದರಲ್ಲೂ ಹೊರಗಿನದರ ಸಹವಾಸವಿದೆ, ಒಬ್ಬರ ಆರೈಕೆಯೂ ಇದೆ. ‘ಹಳೆ’, ‘ಪಳಗು’ ಎರಡೂ ‘ಪೞ’ ಬೇರಿನವೇ. ತಮಿಳಿನ ‘ಪೞೈಯ’, ‘ಪೞಕು’ ನೋಡಿ. ಸ್ಪೇನಿನವರು ಇದಕ್ಕೆ ‘ಕ್ರಿಯಾನ್ಸಾ’ ಎನ್ನುತ್ತಾರೆ, ಮಕ್ಕಳನ್ನು ಸಾಕಿ ಬೆಳೆಸುವುದಕ್ಕೂ ಬಳಸುವ ‘ಕ್ರಿಯಾರ್’ನಿಂದ ಬಂದ ಪದ. ‘ಪಳಗಿಸು’ ಅದಕ್ಕೆ ಸಾಕಷ್ಟು ಹತ್ತಿರ. ಇನ್ನು ಮಾಗುವುದು ಹಣ್ಣು ತನ್ನಷ್ಟಕ್ಕೆ ಮಾಡುವ ಕೆಲಸ.

ಎರಡನೆಯ ತೊಡಕು ಒಗರು. ‘ಟ್ಯಾನಿನ್ ಮೃದುವಾಗಿದೆ’ ಎಂಬ ಬರವಣಿಗೆ ನನಗೆ ರುಚಿಸುವುದಿಲ್ಲ. ಟ್ಯಾನಿನ್ ಎಂಬುದು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ವೈನಿಗಿಳಿಯುವ ವಸ್ತುವಿನ ಹೆಸರು, ನಾಲಿಗೆಗೆ ತಿಳಿಯುವುದು ಒಗರು. ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ ಬಾಯಿಯ ಜಾರುತನ ಹೋಗಿ ನಾಲಿಗೆ ಹಿಡಿದಂತಾಗುತ್ತದೆ. ಲೋಪೆಸ್ ದೆ ಎರೆದಿಯಾದವರು ವೈನನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿ ಹಾಕುವುದೂ ಇದೇ ನಂಟಿನಿಂದ: ಟ್ಯಾನಿನ್ ಆ ಪ್ರೋಟೀನನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಇಷ್ಟು ವರ್ಷ ಕಳೆದ ಈ ವೈನಿಗೆ ‘ಒಗರು ಇಳಿದಿದೆ’ ಎಂದು ಬರೆದಿದ್ದೇನೆ. ‘ಒಗರು ಮುರಿದಿದೆ’ ಎನ್ನುವ ಬಳಕೆ ನಿಮ್ಮ ಕಡೆ ಇದೆಯೇ? ಅಡಿಕೆ ಬೇಯಿಸುವ ಮಲೆನಾಡಿನವರು ‘ಚೊಗರು’ ಎನ್ನುವುದನ್ನು ಕೇಳಿದ್ದೇನೆ. ಅದು ಬೇಯಿಸಿದ ರಸಕ್ಕೆ ಮಾತ್ರವೋ, ರುಚಿಗೂ ಸಲ್ಲುತ್ತದೆಯೋ?

ಪರಿಮಳದಲ್ಲಿ ಕನ್ನಡಕ್ಕೇ ಅನುಕೂಲ ಹೆಚ್ಚು. ಅಮೆರಿಕದ ಓಕ್ ಮರ ವೈನಿಗೆ ತೆಂಗಿನ ವಾಸನೆ ಕೊಡುತ್ತದೆ. ಇಂಗ್ಲಿಷಿನವರು ‘ಕೊಕೊನಟ್’ ಎಂದು ಬರೆದು ಮುಂದೆ ಹೋಗುತ್ತಾರೆ. ನಮಗೆ ಎಳನೀರು, ಹಸಿಕಾಯಿ, ಕೊಬ್ಬರಿ ಬೇರೆ ಬೇರೆ. ಈ ವೈನಿನದು ಖಂಡಿತವಾಗಿ ಕೊಬ್ಬರಿ, ಅದರ ಹಿಂದೆ ಒಣಗಿದ ಚೆರ್ರಿ, ಚರ್ಮ, ಹೊಗೆಸೊಪ್ಪು.

ವೈನು ಬಾಯಲ್ಲಿ ಎಷ್ಟು ತುಂಬಿಕೊಂಡಂತೆ ಅನ್ನಿಸುತ್ತದೆ ಎಂಬುದಕ್ಕೆ ಇಂಗ್ಲಿಷಿನವರು ಹೇಳುವ ‘ಬಾಡಿ’ಯನ್ನು ‘ಮೈ’ ಮಾಡುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ‘ವೈನಿಗೆ ಒಳ್ಳೆಯ ಮೈಯಿದೆ’ ಎಂದರೆ ನಗು ಬರುತ್ತದೆ. ‘ದಟ್ಟ’, ‘ತೆಳು’ ಸಾಕು. ಇದು ತೆಳುವಿನ ಕಡೆಗೇ, ಹುಳಿ ಚುರುಕಾಗಿದೆ.

ಬಾಟಲಿಯ ತಳದಲ್ಲಿ ನಿಂತದ್ದಕ್ಕೆ ನಾನು ‘ಗಸಿ’ ಎಂದಿದ್ದೇನೆ. ಉತ್ತರ ಕರ್ನಾಟಕದವರು, ಕರಾವಳಿಯವರು ಏನೆನ್ನುತ್ತೀರಿ? ‘ಚರಟ’ ಎಂದರೆ ಇದೇ ಅರ್ಥ ಬರುತ್ತದೆಯೇ?